ಸಂಸ್ಕೃತದಲ್ಲಿ ‘ಸಹಾಯ’ ಒಬ್ಬ ಆಸಾಮಿ

ಧ್ಯೇಯವಾಕ್ಯ, ಸನ್ಮಾನಪತ್ರ, ಸ್ಮರಣಸಂಚಿಕೆಯ ಮುಖಪುಟ ಇಂಥವುಗಳ ಕರಡು ತಿದ್ದುವವರಿಗೆಲ್ಲ ಒಂದಲ್ಲ ಒಂದು ದಿನ ಎದುರಾಗುವ ಸಾಲು ಇದು: ‘ದೀನಾನಾಂ ಸಹಾಯಂ ಕುರು’. ಬರೆದವರ ಮನಸ್ಸಿನಲ್ಲಿ ಇರುವುದು ‘ಬಡವರಿಗೆ ಸಹಾಯ ಮಾಡು’. ವಿಭಕ್ತಿ ಕೆಟ್ಟಿಲ್ಲ, ಕ್ರಿಯಾಪದ ಕೆಟ್ಟಿಲ್ಲ, ಅಕ್ಷರವೂ ಕೆಟ್ಟಿಲ್ಲ. ಆದರೆ ಸಾಲು ಹೇಳುತ್ತಿರುವುದೇ ಬೇರೆ. ‘ಬಡವರ ಜೊತೆಗಾರನನ್ನಾಗಿ ಮಾಡು’ ಎಂದು ಅದು ಹೇಳಿ ಅರ್ಧಕ್ಕೆ ನಿಂತಿದೆ. ಯಾರನ್ನು ಮಾಡಬೇಕು? ಸಂಸ್ಕೃತ ಓದಿದವನು ಆ ‘ಯಾರನ್ನು’ ಎಂಬುದಕ್ಕಾಗಿ ಸಾಲಿನ ಹಿಂದೆ ಮುಂದೆ ತಡಕಾಡುತ್ತಾನೆ, ಸಿಗುವುದಿಲ್ಲ.

ತೊಂದರೆ ಇಷ್ಟೇ. ಕನ್ನಡದಲ್ಲಿ ಸಹಾಯ ಎಂದರೆ ಒಂದು ಕೆಲಸ, ನೆರವು. ಸಂಸ್ಕೃತದಲ್ಲಿ ಸಹಾಯ ಎಂದರೆ ಒಬ್ಬ ಮನುಷ್ಯ. ಜೊತೆಗೆ ಹೋಗುವವನು, ಸಂಗಾತಿ, ನೆರವಿಗೆ ನಿಲ್ಲುವವನು. ಪುಲ್ಲಿಂಗ ಶಬ್ದ: ಸಹಾಯಃ, ಸಹಾಯೌ, ಸಹಾಯಾಃ. ಇದನ್ನು ಎಷ್ಟು ಸಲ ಹೇಳಿದರೂ ‘ಅಯ್ಯೋ, ಅದೇ ಅಲ್ಲವೇ’ ಎಂಬ ಉತ್ತರ ಬರುತ್ತದೆ. ಅದೇ ಅಲ್ಲ. ಅಡಿಗೆ ಬೇರೆ, ಅಡಿಗೆಯವನು ಬೇರೆ.

ಸಂಸ್ಕೃತದ ಹಳೆಯ ನಿಘಂಟು ಅಮರಕೋಶದ ಕ್ಷತ್ರಿಯವರ್ಗದಲ್ಲಿ ಅನುಪ್ಲವ, ಸಹಾಯ, ಅನುಚರ ಎಂಬ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳಿ ಇವೆಲ್ಲ ಸಮ ಎಂದಿದೆ. ಮೂರೂ ಆಳುಗಳ ಹೆಸರು, ಮೂರರಲ್ಲೂ ಚಲನೆ ಇದೆ. ಹಿಂದೆ ಹಾರುತ್ತ ಬರುವವನು ಅನುಪ್ಲವ, ಹಿಂದೆ ನಡೆಯುವವನು ಅನುಚರ, ಜೊತೆಗೆ ಹೋಗುವವನು ಸಹಾಯ. ಬಿಡಿಸುವ ಕ್ರಮವೂ ಅದನ್ನೇ ಹೇಳುತ್ತದೆ: ‘ಸಹ ಏತಿ’, ಅಂದರೆ ಜೊತೆಗೆ ಹೋಗುತ್ತಾನೆ. ‘ಇಣ್ ಗತೌ’ ಎಂಬ ಧಾತುವಿಗೆ ಅಚ್ ಪ್ರತ್ಯಯ (ಉಳಿಯುವುದು ‘ಅ’ ಮಾತ್ರ) ಹತ್ತಿ, ಇಕಾರಕ್ಕೆ ಗುಣ, ಅಂದರೆ ಏಕಾರ ಬಂದು, ‘ಅಯ’ ಆಗುತ್ತದೆ. ಸಹ ಮತ್ತು ಅಯ ಕೂಡಿ ಸವರ್ಣದೀರ್ಘದಿಂದ ಸಹಾಯ. ಕೆಲವರು ಇದನ್ನು ಸಹ ಮತ್ತು ಆಯ ಎಂದು ಬಿಡಿಸಿ, ಆಯ ಎಂದರೆ ವರಮಾನವಾದ್ದರಿಂದ ‘ಕೂಡಿ ಬರುವ ಲಾಭ’ ಎಂದೆಲ್ಲ ವ್ಯಾಖ್ಯಾನ ಹೊಸೆಯುವುದುಂಟು. ಸಂಧಿ ಹಾಗೂ ಕೂಡುತ್ತದೆ, ನಿಜ. ಸಂಧಿ ಕೂಡಿದ್ದೆಲ್ಲ ವ್ಯುತ್ಪತ್ತಿಯಾಗುವುದಿಲ್ಲ.

ಇನ್ನೊಂದು ಅಭಿಪ್ರಾಯವೂ ಇದೆ, ಅದನ್ನು ಮುಚ್ಚಿಡಬಾರದು. ಗೆಳೆಯ ಎಂಬ ಅರ್ಥದ ‘ಸಖಿ’ ಶಬ್ದದ ಬಹುವಚನ ‘ಸಖಾಯಃ’ ಎಂದಾಗುತ್ತದೆ. ಪ್ರಾಕೃತದಲ್ಲಿ ಎರಡು ಸ್ವರಗಳ ನಡುವಿನ ಖಕಾರ ಹಕಾರವಾಗುವುದು ವಾಡಿಕೆ. ಮುಖ ಎಂಬುದು ಮುಹ, ಸಖೀ ಎಂಬುದು ಸಹೀ. ಹಾಗೆಯೇ ‘ಸಖಾಯ’ದಿಂದ ‘ಸಹಾಯ’ ಹುಟ್ಟಿ ಮತ್ತೆ ಸಂಸ್ಕೃತಕ್ಕೆ ಸೇರಿರಬಹುದು ಎಂದು ಊಹಿಸಿದ ವಿದ್ವಾಂಸರಿದ್ದಾರೆ. ಯಾವುದನ್ನು ಒಪ್ಪಿದರೂ ನಮ್ಮ ವಿಷಯಕ್ಕೆ ಬಾಧೆಯಿಲ್ಲ. ಎರಡು ದಾರಿಯೂ ಮನುಷ್ಯನಲ್ಲಿಗೇ ಹೋಗಿ ಮುಟ್ಟುತ್ತವೆ, ಕೆಲಸಕ್ಕಲ್ಲ.

ಹಾಗಾದರೆ ಕೆಲಸಕ್ಕೆ ಶಬ್ದ ಯಾವುದು? ಸಾಹಾಯ್ಯ. ಸಹಾಯನ ಭಾವ ಅಥವಾ ಸಹಾಯನ ಕರ್ಮ ಸಾಹಾಯ್ಯಮ್, ನಪುಂಸಕಲಿಂಗ. ಕರಡುಗಳಲ್ಲಿ ಇದನ್ನು ಸಹಾಯ್ಯ, ಸಾಹಯ್ಯ, ಸಾಹಾಯ ಎಂದು ಮೂರು ಬಗೆಯಲ್ಲಿ ಕೆಡಿಸುತ್ತಾರೆ. ರೂಪ ಹೇಗೆ ಆಯಿತು ಎಂದು ಒಮ್ಮೆ ಗೊತ್ತಾದರೆ ಕಾಗುಣಿತ ಮತ್ತೆ ತಪ್ಪುವುದಿಲ್ಲ. ಸಹಾಯ ಶಬ್ದಕ್ಕೆ ಷ್ಯಞ್ ಎಂಬ ತದ್ಧಿತ ಪ್ರತ್ಯಯ ಬರುತ್ತದೆ, ಅದರಲ್ಲಿ ಉಳಿಯುವುದು ‘ಯ’ ಮಾತ್ರ. ಆ ಪ್ರತ್ಯಯದಿಂದಾಗಿ ಶಬ್ದದ ಮೊದಲ ಸ್ವರಕ್ಕೆ ವೃದ್ಧಿ, ‘ಸ’ ಹೋಗಿ ‘ಸಾ’. ಕೊನೆಯ ಅಕಾರ ಬಿದ್ದುಹೋಗುತ್ತದೆ, ‘ಸಾಹಾಯ್’ ಉಳಿಯುತ್ತದೆ. ಅದಕ್ಕೆ ಪ್ರತ್ಯಯದ ಯಕಾರ ಸೇರಿ ಯ್ಯ. ಒಂದು ಯಕಾರ ಧಾತುವಿನ ಮನೆಯದು, ಇನ್ನೊಂದು ಪ್ರತ್ಯಯದ್ದು. ಒಂದನ್ನು ಬಿಟ್ಟರೆ ಯಾರದೋ ಒಬ್ಬರ ಪಾಲು ಹೋದಂತೆ.

ಇದಕ್ಕೆ ಜೋಡಿಯಾಗಿ ‘ಸಾಹಾಯಕ’ ಎಂಬ ರೂಪವೂ ಇದೆ. ವೈಯಾಕರಣ ಪಾಣಿನಿಯ ಅಷ್ಟಾಧ್ಯಾಯಿಯ 5.1.132ನೆಯ ಸೂತ್ರ, ಉಪಧೆಯಲ್ಲಿ, ಅಂದರೆ ಕೊನೆಯ ವರ್ಣದ ಹಿಂದೆ, ಯಕಾರವಿದ್ದು ಕೊನೆಯ ಅಕ್ಷರದ ಹಿಂದಿನದು ಗುರುವಾಗಿದ್ದರೆ ‘ಅಕ’ ಆಗುವ ವುಞ್ ಪ್ರತ್ಯಯ ಹೇಳುತ್ತದೆ. ರಮಣೀಯದಿಂದ ರಾಮಣೀಯಕ ಆಗುವುದು ಹಾಗೆ. ಸಹಾಯವೂ ಅದೇ ಅಚ್ಚಿನ ಶಬ್ದ. ಆದರೆ ಈ ಶಬ್ದಕ್ಕೆ ಮಾತ್ರ ಅದು ವಿಕಲ್ಪ, ಬಂದರೂ ಸರಿ ಬಾರದಿದ್ದರೂ ಸರಿ, ಎಂದು ಸೂತ್ರಕ್ಕೆ ಪೂರಕವಾದ ವಾರ್ತಿಕ ಹೇಳಿದ್ದರಿಂದ ಸಾಹಾಯ್ಯ, ಸಾಹಾಯಕ ಎರಡೂ ಸಾಧು. ಇಲ್ಲಿ ಒಂದು ಎಚ್ಚರ: ದೀರ್ಘದ ಸಾಹಾಯಕ ಎಂದರೆ ನೆರವು, ಹ್ರಸ್ವದ ಸಹಾಯಕ ಎಂದರೆ ನೆರವಾಗುವವನು. ಒಂದು ಇಳಿ ಮರೆತರೆ ಕೆಲಸ ಹೋಗಿ ಆಳು ಬಂದು ಕೂರುತ್ತಾನೆ. ಈ ಗೋಜಲೇ ಬೇಡ ಎನ್ನುವವರು ಸಾಹಾಯ್ಯವನ್ನೇ ಇಟ್ಟುಕೊಳ್ಳುವುದು ಒಳ್ಳೆಯದು.

ಹಿಂದಿಯ ರೂಢಿಯಿಂದ ‘ಸಹಾಯತಾ’ ಎಂದು ಬರೆಯುವವರೂ ಇದ್ದಾರೆ. ಭಾವಾರ್ಥದಲ್ಲಿ ತಲ್ (‘ತಾ’) ಪ್ರತ್ಯಯ ಎಲ್ಲ ಶಬ್ದಕ್ಕೂ ಬರುವುದರಿಂದ ಅದನ್ನು ತಪ್ಪೆಂದು ಹೊಡೆದುಹಾಕಲಾಗದು. ಆದರೆ ಪಾಣಿನಿಯ 4.2.43ನೆಯ ಸೂತ್ರದ ವ್ಯಾಖ್ಯಾನ ಪರಂಪರೆಯಲ್ಲಿ ಸಹಾಯತಾ ಎಂಬುದಕ್ಕೆ ಬೇರೊಂದು ಅರ್ಥ ಸಿದ್ಧವಾಗಿದೆ: ಸಹಾಯರ ಗುಂಪು. ಜನರ ಸಮೂಹ ಜನತಾ, ಬಂಧುಗಳ ಸಮೂಹ ಬಂಧುತಾ, ಸಹಾಯರ ಸಮೂಹ ಸಹಾಯತಾ. ಇಲ್ಲಿಯೂ ಎಣಿಸಿದ್ದು ತಲೆಗಳನ್ನೇ.

ಈಗ ಬಹುತೇಕ ಅನುವಾದಗಳಲ್ಲಿ ಜಾರುವ ಜಾಗಕ್ಕೆ ಬರೋಣ. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದ 242ನೆಯ ಶ್ಲೋಕದ ಉತ್ತರಾರ್ಧ ಹೀಗಿದೆ: ‘ಧರ್ಮೇಣ ಹಿ ಸಹಾಯೇನ ತಮಸ್ತರತಿ ದುಸ್ತರಮ್’. ಕನ್ನಡಕ್ಕೆ ತರುವವರು ಕಣ್ಣು ಮುಚ್ಚಿ ‘ಧರ್ಮದ ಸಹಾಯದಿಂದ ದಾಟಲಾರದ ಕತ್ತಲೆಯನ್ನು ದಾಟುತ್ತಾನೆ’ ಎಂದುಬಿಡುತ್ತಾರೆ. ಓದಲು ಹಿತವಾಗಿದೆ. ಆದರೆ ಮೂಲದಲ್ಲಿ ‘ಧರ್ಮದ’ ಎಂಬ ಷಷ್ಠಿ ಎಲ್ಲಿದೆ? ಧರ್ಮೇಣ, ಸಹಾಯೇನ, ಎರಡೂ ತೃತೀಯಾ, ಎರಡೂ ಏಕವಚನ, ಎರಡೂ ಪುಲ್ಲಿಂಗ. ಎರಡು ಪದ ಹೀಗೆ ಹೆಗಲು ಕೊಟ್ಟು ನಿಂತರೆ ಅವು ಒಂದೇ ವಸ್ತುವನ್ನು ಹೇಳುತ್ತವೆ. ಸಾಮಾನಾಧಿಕರಣ್ಯ ಎನ್ನುವುದು ಇದಕ್ಕೇ. ಧರ್ಮ ಯಾವುದೋ ಸಹಾಯ ಅದೇ. ‘ಧರ್ಮವೇ ಜೊತೆಗಾರನಾಗಿರಲು’ ಎಂಬುದು ಅರ್ಥ. ನೆರವು ಎಂಬುದನ್ನೇ ಹೇಳಬೇಕಿದ್ದರೆ ‘ಧರ್ಮಸ್ಯ ಸಾಹಾಯ್ಯೇನ’ ಎನ್ನಬೇಕಿತ್ತು.

ಇದು ಬರೀ ವ್ಯಾಕರಣದ ಕೂದಲು ಸೀಳುವ ಕೆಲಸವೆಂದು ತೋರಿದರೆ ಹಿಂದಿನ ಶ್ಲೋಕಗಳನ್ನು ನೋಡಿ. ಪರಲೋಕದಲ್ಲಿ ತಂದೆ ತಾಯಿ, ಹೆಂಡತಿ ಮಕ್ಕಳು, ನೆಂಟರು ಯಾರೂ ಸಹಾಯಕ್ಕೆ ನಿಲ್ಲುವುದಿಲ್ಲ, ಜೀವಿ ಹುಟ್ಟುವುದೂ ಒಬ್ಬನೇ, ಸಾಯುವುದೂ ಒಬ್ಬನೇ ಎಂದು 239, 240ರಲ್ಲಿ ಬರುತ್ತದೆ. 241ರಲ್ಲಿ ಚಿತ್ರ ಇನ್ನೂ ಹತ್ತಿರಕ್ಕೆ ಬರುತ್ತದೆ: ಕಟ್ಟಿಗೆಯಂತೆ, ಮಣ್ಣಿನ ಹೆಂಟೆಯಂತೆ ಬಿದ್ದ ಶರೀರವನ್ನು ನೆಲದ ಮೇಲೆ ಬಿಟ್ಟು ಬಂಧುಗಳು ಮುಖ ತಿರುಗಿಸಿ ಹೊರಡುತ್ತಾರೆ, ‘ಧರ್ಮಸ್ತಮನುಗಚ್ಛತಿ’, ಧರ್ಮ ಅವನ ಹಿಂದೆ ಹೋಗುತ್ತದೆ. ಹೋಗುವುದು, ಬಿಡುವುದು, ತಿರುಗಿ ಬರುವುದು, ಹಿಂಬಾಲಿಸುವುದು, ಎಲ್ಲ ಕಾಲಿನ ಮಾತು. ಆಮೇಲೆ ಬರುವ ‘ಸಹಾಯೇನ’ ಕತ್ತಲಲ್ಲಿ ಪಕ್ಕದಲ್ಲಿ ನಡೆಯುವವನ ಮಾತು. ಅದನ್ನು ‘ಸಹಾಯದಿಂದ’ ಎಂದರೆ ಜೊತೆಗೆ ನಡೆಯುತ್ತಿದ್ದವನು ಮಾಯವಾಗಿ ಅವನ ಕೈಯ ಕೋಲು ಮಾತ್ರ ಉಳಿದಂತಾಗುತ್ತದೆ.

ಸಂದೇಹ ಬಂದಾಗ ಮೊದಲು ನೋಡಬೇಕಾದ್ದು ವಚನ. ಬಹುವಚನವಿದ್ದರೆ ವಾದವೇ ಮುಗಿಯಿತು. ನೆರವು ಬಹುವಚನದಲ್ಲಿ ಬರುವುದು ಅಪರೂಪ, ಸಂಗಾತಿಗಳು ಬರುತ್ತಾರೆ. ಮೇಘದೂತದಲ್ಲಿ ಯಕ್ಷ ಮೋಡಕ್ಕೆ ‘ಸಂಪತ್ಸ್ಯಂತೇ ನಭಸಿ ಭವತೋ ರಾಜಹಂಸಾಃ ಸಹಾಯಾಃ’ ಎನ್ನುತ್ತಾನೆ. ಕೊಕ್ಕಿನಲ್ಲಿ ತಾವರೆದಂಟಿನ ಎಳೆ ತುಂಡುಗಳನ್ನು ಬುತ್ತಿಯಾಗಿ ಕಟ್ಟಿಕೊಂಡ ರಾಜಹಂಸಗಳು ಕೈಲಾಸದವರೆಗೂ ನಿನಗೆ ಸಹಾಯರಾಗುತ್ತವೆ. ಹಂಸಗಳು ಮೋಡಕ್ಕೆ ಮಾಡುವ ಸಹಾಯವಾದರೂ ಏನು? ಏನೂ ಇಲ್ಲ. ಜೊತೆಗೆ ಹಾರುತ್ತವೆ, ಅಷ್ಟೇ. ಇಲ್ಲಿ ‘ನೆರವಾಗುತ್ತವೆ’ ಎಂದು ಅನುವಾದಿಸಿದವರು ಆಮೇಲೆ ಟಿಪ್ಪಣಿಯಲ್ಲಿ ದಾರಿ ತೋರಿಸುವುದೇ ನೆರವು ಎಂದೆಲ್ಲ ಸಮರ್ಥನೆ ಹುಡುಕಬೇಕಾಗುತ್ತದೆ.

ವಚನದಿಂದ ಬಗೆಹರಿಯದಿದ್ದರೆ ಪಕ್ಕದ ಸಾಲು. ಅರ್ಥಶಾಸ್ತ್ರದ ‘ಸಹಾಯಸಾಧ್ಯಂ ರಾಜತ್ವಂ ಚಕ್ರಮೇಕಂ ನ ವರ್ತತೇ’ ಎಂಬುದನ್ನು ‘ಅರಸುತನ ನೆರವಿನಿಂದ ಸಾಧ್ಯ’ ಎಂದರೂ ಕೇಳಲು ಸರಿಯೆನಿಸುತ್ತದೆ. ಆದರೆ ಒಂಟಿ ಚಕ್ರ ಉರುಳದು ಎಂದ ಮೇಲೆ ಬೇಕಾದ್ದು ಎರಡನೆಯ ಚಕ್ರ. ಮುಂದಿನ ಪಾದ ಅದನ್ನೇ ಬಿಡಿಸಿ ಹೇಳುತ್ತದೆ: ‘ಕುರ್ವೀತ ಸಚಿವಾನ್’, ಆದ್ದರಿಂದ ಸಚಿವರನ್ನು ನೇಮಿಸಿಕೊಳ್ಳಬೇಕು. ಈ ಸಚಿವ ಶಬ್ದವೂ ಜೊತೆಗಿರುವುದು ಎಂಬ ಅರ್ಥದ ಧಾತುವಿನಿಂದ ಬಂದದ್ದೇ. ಅಮರಕೋಶದ ನಾನಾರ್ಥವರ್ಗದಲ್ಲಿ ಸಚಿವನಿಗೆ ಮಂತ್ರಿ, ಸಹಾಯ ಎಂದು ಎರಡು ಅರ್ಥ ಕೊಟ್ಟಿದೆ. ಅಮಾತ್ಯನೂ ಅಷ್ಟೇ, ‘ಅಮಾ’ ಎಂದರೆ ಜೊತೆ, ಹತ್ತಿರ. ಆಸ್ಥಾನದ ದೊಡ್ಡ ಪದವಿಗಳೆಲ್ಲ ಪಕ್ಕದಲ್ಲಿ ನಿಲ್ಲುವವನ ಹೆಸರಿನಿಂದಲೇ ಬೆಳೆದಿವೆ.

ಕುಮಾರಸಂಭವದ ಮೂರನೆಯ ಸರ್ಗದಲ್ಲಿ ಇಂದ್ರ ಮನ್ಮಥನಿಗೆ, ವಸಂತ ನಿನ್ನ ಜೊತೆಗಾರನಾದ್ದರಿಂದ (‘ಸಾಹಚರ್ಯಾತ್’) ಹೇಳದಿದ್ದರೂ ನಿನಗೆ ‘ಸಹಾಯ ಏವ’ ಎನ್ನುತ್ತಾನೆ. ಬೆಂಕಿಯನ್ನು ಹೊತ್ತಿಸು ಎಂದು ಗಾಳಿಗೆ ಯಾರು ಅಪ್ಪಣೆ ಕೊಡುತ್ತಾರೆ? ಇಲ್ಲಿ ಸಾಹಚರ್ಯ ಒಂದು ಕಡೆ, ಸಹಾಯ ಇನ್ನೊಂದು ಕಡೆ ಬಂದಿರುವುದನ್ನು ಗಮನಿಸಬೇಕು. ಬರೀ ಒಡನಾಟಕ್ಕಿಂತ ಸಹಾಯ ಒಂದು ಗೇಣು ಹೆಚ್ಚು. ಅವನು ಕೆಲಸಕ್ಕೂ ಒದಗುತ್ತಾನೆ. ಹಾಗಾಗಿ ಸಹಾಯನನ್ನು ಒಂದು ಕಡೆ ‘ಸಂಗಾತಿ’ ಎಂದೂ ಇನ್ನೊಂದು ಕಡೆ ‘ನೆರವಾಗುವವನು’ ಎಂದೂ ಅನುವಾದಿಸಬೇಕಾಗಬಹುದು. ಅಲಂಕಾರಶಾಸ್ತ್ರದಲ್ಲಿ ವಿಟ, ಚೇಟ, ವಿದೂಷಕರನ್ನು ನಾಯಕನ ಸಹಾಯರು ಎನ್ನುವಾಗ ಎರಡೂ ಒಟ್ಟಿಗಿರುತ್ತವೆ.

ಸಮಾಸಕ್ಕೆ ಬಂದರೆ ಅಪಾಯ ದೊಡ್ಡದು, ಏಕೆಂದರೆ ಅಲ್ಲಿ ವಿಭಕ್ತಿ ಕಾಣುವುದಿಲ್ಲ. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಶಾಸನಗಳಲ್ಲಿ ಬಿರುದುಗಳ ಸಾಲು ಬರುತ್ತದೆ: ‘ಅಸಹಾಯಶೂರ, ಏಕಾಂಗವೀರ, ಶನಿವಾರಸಿದ್ಧಿ, ಗಿರಿದುರ್ಗಮಲ್ಲ, ಚಲದಂಕರಾಮ’. ಇಂದಿನ ಕನ್ನಡದ ಕಿವಿಗೆ ಅಸಹಾಯ ಎಂದರೆ ಕೈಲಾಗದ, ದಿಕ್ಕಿಲ್ಲದ ಸ್ಥಿತಿ. ಹಾಗೆ ಓದಿದರೆ ರಾಜ ತನ್ನನ್ನು ‘ಪಾಪದ ಶೂರ’ ಎಂದು ಕಲ್ಲಿನಲ್ಲಿ ಕೊರೆಸಿಕೊಂಡ ಎಂದಾಗುತ್ತದೆ! ಬಹುವ್ರೀಹಿಯಾಗಿ ಬಿಡಿಸಿ: ಸಹಾಯ ಯಾರಿಗೆ ಇಲ್ಲವೋ ಅವನು ಅಸಹಾಯ. ಜೊತೆಗೆ ಯಾರೂ ಇಲ್ಲದೆ ಒಬ್ಬನೇ ಹೊಡೆದಾಡುವ ಶೂರ. ಮುಂದಿನ ಬಿರುದು ಏಕಾಂಗವೀರ ಅದನ್ನೇ ಇನ್ನೊಮ್ಮೆ ಹೇಳುತ್ತದೆ. ಅಚ್ಚಿನಲ್ಲಿ ‘ಅಸಹಾಯ ಶೂರ’ ಎಂದು ನಡುವೆ ಜಾಗ ಬಿಡುವುದರಿಂದ ಅಪಾರ್ಥ ಇನ್ನೂ ಸಲೀಸು. ದಯವಿಟ್ಟು ಸೇರಿಸಿಯೇ ಬರೆಯಿರಿ.

ಸಂಸ್ಕೃತದಲ್ಲಿ ಅಸಹಾಯ ಎಂಬುದು ಒಂಟಿತನದ ಎಣಿಕೆ ಮಾತ್ರ. ಅದು ಹೊಗಳಿಕೆಯೂ ಆಗಬಹುದು, ಕೊರತೆಯೂ ಆಗಬಹುದು. ನಾರದಸ್ಮೃತಿಗೆ ಭಾಷ್ಯ ಬರೆದವನ ಹೆಸರೇ ಅಸಹಾಯ. ಜೈನಶಾಸ್ತ್ರದಲ್ಲಿ ಕೇವಲಜ್ಞಾನವನ್ನು ವಿವರಿಸುವಾಗ ‘ಅಸಹಾಯ’ ಎನ್ನುತ್ತಾರೆ. ಇಂದ್ರಿಯ, ಮನಸ್ಸು ಯಾವುದರ ಜೊತೆಯೂ ಬೇಕಿಲ್ಲದ ಜ್ಞಾನ. ಇದನ್ನು ಅಸಹಾಯಕ ಜ್ಞಾನ ಎಂದು ತಿರುಗಿಸಿದರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಅದೇ ಮನುವಿನ ಏಳನೆಯ ಅಧ್ಯಾಯದಲ್ಲಿ, ಸುಲಭದ ಕೆಲಸವೂ ಒಬ್ಬನಿಗೆ ಕಷ್ಟ, ಅದರಲ್ಲೂ ಅಸಹಾಯನಿಗೆ ರಾಜ್ಯವಾಳುವುದು ಇನ್ನೂ ಕಷ್ಟ ಎನ್ನುವಾಗ ಅದು ಕೊರತೆ. ಸಂದರ್ಭ ತೀರ್ಮಾನಿಸಲಿ, ಕನ್ನಡದ ಅಭ್ಯಾಸ ಬೇಡ. ರಾಮಸಹಾಯ, ದೇವಸಹಾಯ ಎಂಬ ಹೆಸರುಗಳನ್ನೂ ಹೀಗೆಯೇ ಬಿಡಿಸುವುದು ಲೇಸು: ರಾಮನು ಯಾರಿಗೆ ಸಹಾಯನೋ ಅವನು. ರಾಮನ ಸಹಾಯ ಎಂದು ಷಷ್ಠಿಯಲ್ಲಿ ಬಿಡಿಸಿದರೆ ಸಂಬಂಧ ತಿರುಗುಮುರುಗಾಗಿ ಇವನೇ ರಾಮನಿಗೆ ನೆರವಾದಂತೆ ಆಗುತ್ತದೆ.

ಎಲ್ಲ ಕಡೆಯೂ ಗೆರೆ ಇಷ್ಟು ನಿಚ್ಚಳವಾಗಿರುವುದಿಲ್ಲ. ‘ಉದ್ಯಮಃ ಸಾಹಸಂ ಧೈರ್ಯಂ’ ಎಂದು ಶುರುವಾಗುವ ಸುಭಾಷಿತದ ಕೊನೆಯಲ್ಲಿ ‘ಸಹಾಯಕೃತ್’ ಬರುತ್ತದೆ, ಅಲ್ಲಿ ‘ನೆರವು ಮಾಡುವ’ ಎಂಬ ಅರ್ಥವೇ ಸಹಜ. ಸಹಾಯನ ಕೆಲಸ ಮಾಡುವವನು ಎಂದು ಬಿಡಿಸಿಕೊಳ್ಳಬಹುದು, ಹಾಗಂತ ಹಟ ಹಿಡಿಯಬೇಕಾಗಿಲ್ಲ. ‘ಸಹಾಯಾರ್ಥಂ’ ಎಂಬಲ್ಲೂ ‘ಜೊತೆಗಾರನಾಗಿ ಇರಲು’, ‘ನೆರವಿಗೆ’ ಎರಡೂ ಹೊಂದುತ್ತವೆ. ಸಮಾಸದ ಒಳಗೆ ಅರ್ಥ ಸಡಿಲವಾಗುವುದುಂಟು. ಬಿಡಿಯಾಗಿ ನಿಂತ ಪದದಲ್ಲಿ ಮಾತ್ರ ರಿಯಾಯಿತಿ ಕೊಡಬೇಡಿ.

ಧ್ಯೇಯವಾಕ್ಯಕ್ಕೆ ಹಿಂತಿರುಗಿ. ನೆರವೇ ಮುಖ್ಯವಾದರೆ ‘ದೀನಾನಾಂ ಸಾಹಾಯ್ಯಂ ಕುರು’. ಯಾರಿಗೆ ನೆರವೋ ಅವರಿಗೆ ಷಷ್ಠಿ ನಿರಪಾಯ. ಇಂದಿನ ಸಂಭಾಷಣ ಸಂಸ್ಕೃತದಲ್ಲಿ ಚತುರ್ಥಿಯೂ ಕೇಳಿಬರುತ್ತದೆ, ಆದರೆ ಕಲ್ಲಿನಲ್ಲಿ ಕೆತ್ತಿಸುವ ಸಾಲಿಗೆ ಷಷ್ಠಿಯೇ ಇರಲಿ. ಸಹಾಯ ಶಬ್ದವೇ ಬೇಕು ಎನ್ನುವವರಿಗೆ ‘ದೀನಾನಾಂ ಸಹಾಯೋ ಭವ’, ಅಂದರೆ ಬಡವರ ಜೊತೆಗಾರನಾಗು. ನಿಜ ಹೇಳಬೇಕೆಂದರೆ ಇದೇ ಮೊದಲಿನದಕ್ಕಿಂತ ಚೆಂದ. ‘ನಾವು’ ಎಂದಿದ್ದರೆ ‘ವಯಂ ದೀನಾನಾಂ ಸಹಾಯಾಃ’. ಕೊನೆಯ ವಿಸರ್ಗವನ್ನು ಅಕ್ಷರ ಜೋಡಿಸುವವರು ನುಂಗದಂತೆ ನೋಡಿಕೊಳ್ಳಬೇಕು. ‘ರಾಮಂ ಸಹಾಯಂ ಕರೋತಿ’ ಎಂಬ ಪ್ರಯೋಗವೂ ಸಾಧುವೇ, ರಾಮನನ್ನು ಜೊತೆಗಾರನನ್ನಾಗಿ ಮಾಡಿಕೊಳ್ಳುತ್ತಾನೆ ಎಂದು ಅರ್ಥ. ತಪ್ಪು ಸಾಲು ವ್ಯಾಕರಣಕ್ಕೆ ಸಿಕ್ಕಿಬೀಳದೆ ಪಾರಾಗುವುದು ಈ ಕಾರಣಕ್ಕೆ.

ಇಷ್ಟು ಕಲಿತ ಕೂಡಲೇ ಕೆಲವರು ಉಲ್ಟಾ ಹೊಡೆಯುತ್ತಾರೆ. ಕನ್ನಡದಲ್ಲಿ ‘ಸಹಾಯ ಮಾಡು’ ತಪ್ಪು, ‘ಸಾಹಾಯ್ಯ ಮಾಡು’ ಎನ್ನಬೇಕು, ಸಹಾಯವಾಣಿ, ಸಹಾಯಧನ ಎಲ್ಲ ಅಶುದ್ಧ ಎಂದು ಪತ್ರಿಕೆಗಳಿಗೆ ಪತ್ರ ಬರೆಯುತ್ತಾರೆ. ಇವರು ಮೊದಲಿನವರಿಗಿಂತ ಹೆಚ್ಚು ತಲೆನೋವು. ಕನ್ನಡಕ್ಕೆ ಬಂದ ಶಬ್ದ ಕನ್ನಡದ್ದು. ಅನುಮಾನ ಸಂಸ್ಕೃತದಲ್ಲಿ ಊಹೆಯ ಪ್ರಮಾಣ, ಕನ್ನಡದಲ್ಲಿ ಶಂಕೆ. ಅವಸರ ಅಲ್ಲಿ ತಕ್ಕ ಸಮಯ, ಇಲ್ಲಿ ಗಡಿಬಿಡಿ. ಅಭ್ಯಂತರ ಅಲ್ಲಿ ಒಳಗಿನದು, ಇಲ್ಲಿ ಆಕ್ಷೇಪಣೆ. ಇವುಗಳನ್ನೆಲ್ಲ ತವರಿಗೆ ವಾಪಸು ಕಳಿಸಲು ಹೊರಟರೆ ನಾಳೆ ಮಾತಾಡಲು ಶಬ್ದ ಉಳಿಯುವುದಿಲ್ಲ. ಕನ್ನಡ ಬರೆಯುವಾಗ ಕನ್ನಡದ ಅರ್ಥ, ಸಂಸ್ಕೃತ ಬರೆಯುವಾಗ ಸಂಸ್ಕೃತದ ಅರ್ಥ, ಕೇಳುತ್ತಿರುವುದು ಇಷ್ಟನ್ನೇ.

ಸಹಾಯದಷ್ಟೇ ಕಾಟ ಕೊಡುವ ಇನ್ನೊಂದು ಸಂಗಾತಿಯ ಶಬ್ದ ಸಖಿ. ಸಂಸ್ಕೃತದಲ್ಲಿ ಹ್ರಸ್ವ ಇಕಾರದ ‘ಸಖಿ’ ಪುಲ್ಲಿಂಗ: ಸಖಾ, ಸಖಾಯೌ, ಸಖಾಯಃ. ಗೆಳತಿ ಬೇಕಾದರೆ ದೀರ್ಘದ ‘ಸಖೀ’. ಕರೆಯುವಾಗ ಇದು ಅದಲುಬದಲಾಗಿ ಕಾಣುತ್ತದೆ. ಗೆಳೆಯನನ್ನು ‘ಹೇ ಸಖೇ’ ಎಂದು, ಗೆಳತಿಯನ್ನು ‘ಹೇ ಸಖಿ’ ಎಂದು ಕರೆಯಬೇಕು. ಗೀತೆಯ ಹನ್ನೊಂದನೆಯ ಅಧ್ಯಾಯದಲ್ಲಿ ಅರ್ಜುನ ‘ಹೇ ಕೃಷ್ಣ ಹೇ ಯಾದವ ಹೇ ಸಖೇತಿ’ ಎನ್ನುವುದು ಗೆಳೆಯನಿಗೇ. ಹೆಂಡತಿಗೆ ಬರೆದ ಕವನದಲ್ಲಿ ‘ಸಖೇ’ ಎಂದರೆ ಅದು ಯಾರಿಗೋ ಬರೆದ ಕವನವಾಗುತ್ತದೆ.

ಈ ನಿಯಮ ಗೊತ್ತಾದವರು ಮದುವೆಯ ಕರೆಯೋಲೆಯಲ್ಲಿ ಅಚ್ಚಾಗುವ ಸಪ್ತಪದಿಯ ಮಂತ್ರವನ್ನು ತಿದ್ದಲು ಹೊರಡುತ್ತಾರೆ. ವಧುವನ್ನು ಕುರಿತದ್ದಲ್ಲವೇ, ‘ಸಖಾ’ ಎಂದು ಪುಲ್ಲಿಂಗ ಹೇಗೆ, ‘ಸಖೀ’ ಎಂದಾಗಲಿ ಎಂಬುದು ವಾದ. ತಿದ್ದಬೇಡಿ. ಪಾಣಿನಿ 4.1.62ರಲ್ಲಿ ಸಖೀ ಎಂಬ ರೂಪವನ್ನು ‘ಭಾಷಾಯಾಮ್’, ಅಂದರೆ ಬಳಕೆಯ ಮಾತಿನಲ್ಲಿ, ಎಂದು ಕಟ್ಟು ಹಾಕಿಯೇ ಹೇಳಿದ್ದಾನೆ. ಆ ಕಟ್ಟು ಏಕೆ ಎಂಬುದಕ್ಕೆ ಪಾಣಿನಿಸೂತ್ರಗಳ ವ್ಯಾಖ್ಯಾನವಾದ ಕಾಶಿಕಾವೃತ್ತಿ ಕೊಡುವ ಪ್ರತ್ಯುದಾಹರಣೆ, ಅಂದರೆ ನಿಯಮ ಹತ್ತದ ಕಡೆಯ ಉದಾಹರಣೆ, ಇದೇ ಮಂತ್ರದ್ದು: ‘ಸಖಾ ಸಪ್ತಪದೀ ಭವ’. ವೇದದಲ್ಲಿ ವಧುವೂ ಸಖಾ. ವೇದದ ಶಾಖೆಯಿಂದ ಶಾಖೆಗೆ ಪಾಠ ಮಾತ್ರ ಬೇರೆಯಾಗುತ್ತದೆ. ಕೆಲವು ಕಡೆ ಸಖಾ, ಕೆಲವು ಕಡೆ ಸಖೇ, ಮುಂದಿನ ಪದ ಸಪ್ತಪದಾ ಅಥವಾ ಸಪ್ತಪದೀ. ಅಚ್ಚಿಗೆ ಕೊಡುವ ಮೊದಲು ಮದುವೆ ಮಾಡಿಸುವ ಪುರೋಹಿತರನ್ನು ಕೇಳಿ, ಅವರ ಶಾಖೆಯ ಪಾಠದಲ್ಲಿ ಹೇಗಿದೆಯೋ ಹಾಗೆಯೇ ಹಾಕಿಸಿ.